ಟೊಮೆಟೊ ಬೆಳೆ ಮತ್ತು ನಮ್ಮ ನೀರಿನ ಲೆಕ್ಕ

ಠೇವಣಿ, ಸಾಲ, ಲಾಭಾಂಶದ ಲೆಕ್ಕ ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿ ಇದೆ. ಮಾನ್ಯ ಸದಸ್ಯರ ಮುಂದೆ ನಾವಿಲ್ಲಿ ಇಡುವುದು ನೀರಿನ ಲೆಕ್ಕ.

ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಹಿರಿಯರು ಕೆರೆ ಕಟ್ಟಿದರು. ತೂಬು ಎತ್ತಿ ಗದ್ದೆಗೆ ನೀರು ಹಂಚಲು ನೀರಗಂಟಿ ಇದ್ದ. ಕೆರೆಯ ನೀರು ಸಿಗದವರು ಬಾವಿ ತೋಡಿ, ಜೋಡಿ ಎತ್ತು ಕಟ್ಟಿ ಕಪಿಲೆ ಹೊಡೆದರು. ಎತ್ತು ದಣಿದರೆ ಕಪಿಲೆ ನಿಲ್ಲುತ್ತಿತ್ತು, ಬಾವಿಗೂ ಊಟೆ ಬರಲು ಸಮಯ ಸಿಗುತ್ತಿತ್ತು. ಆಮೇಲೆ ಕರೆಂಟು ಪಂಪು, ಅದರ ಹಿಂದೆ ಕೊಳವೆ ಬಾವಿ ಬಂದವು. ಮೋಟಾರಿಗೆ ದಣಿವೆಂಬುದಿಲ್ಲ. ತೆರೆದ ಬಾವಿಗಳು ಬತ್ತಿದವು, ಎಷ್ಟೋ ಕಡೆ ಬೋರು ಸಾವಿರ ಅಡಿ ದಾಟಿತು.

ಇದರ ಜೊತೆಗೇ ಟೊಮೆಟೊ ನಮ್ಮ ಮುಖ್ಯ ಹಣದ ಬೆಳೆಯಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ, ನಾಟಿಯಾದ ಮೇಲೆ 90ರಿಂದ 120 ದಿನದ ಟೊಮೆಟೊಗೆ 400ರಿಂದ 600 ಮಿ.ಮೀ. ನೀರು ಬೇಕು. ಎಕರೆಗೆ 16ರಿಂದ 24 ಲಕ್ಷ ಲೀಟರ್ ಆಯಿತು. ಸಾವಿರ ಲೀಟರಿಗೆ 10-12 ಕೆ.ಜಿ. ಹಣ್ಣು ಬಂದರೆ ಒಳ್ಳೆಯ ಬೆಳೆ. ಅಂದರೆ ಮಂಡಿಗೆ ಹೋಗುವ 15 ಕೆ.ಜಿ.ಯ ಪ್ರತಿ ಬಾಕ್ಸಿನ ಹಿಂದೆ 1250ರಿಂದ 1500 ಲೀಟರ್ ನೀರಿದೆ!

ನೀರು ಕಮ್ಮಿಯಾದಾಗ ಯಾವಾಗ ಕೊಡಬೇಕು ಅನ್ನೋದೇ ಮುಖ್ಯ. ನಾಟಿ ಮಾಡಿದಾಗ, ಹೂ ಬಿಟ್ಟು ಕಾಯಿ ಕಚ್ಚುವಾಗ ಗಿಡ ಬಾಡಬಾರದು. ಹೂ ಉದುರಿದರೆ ಇಳುವರಿ ಹೋಯಿತು. ಹಣ್ಣಾಗುವ ಕಾಲಕ್ಕೆ ಸ್ವಲ್ಪ ಹಿಡಿದು ಕೊಟ್ಟರೆ ಕಾಯಿ ಸಣ್ಣದಾದೀತು, ರುಚಿ ಕೆಡುವುದಿಲ್ಲ. ಗಿಡ ಒಣಗಿಸಿ ಒಮ್ಮೆಲೇ ನೀರು ಹಾಯಿಸಿದರೆ ಮಾತ್ರ ಹಣ್ಣು ಸೀಳುತ್ತದೆ. ಸುಣ್ಣದ ಸತ್ವ ಕಾಯಿಗೆ ಸರಿಯಾಗಿ ಸೇರದೆ ತುದಿ ಕೊಳೆಯುತ್ತದೆ.

1965ರಲ್ಲಿ ಇಸ್ರೇಲಿನ ಹತ್ಸೆರಿಮ್ ಎಂಬ ಊರಿನ ರೈತರು ಹನಿ ನೀರಾವರಿ ಉಪಕರಣ ತಯಾರಿಸಲು ಕಂಪನಿ ಕಟ್ಟಿದರು. ಅದೂ ಕೂಡಿ ದುಡಿಯುವ ಊರು, ಒಂದು ರೀತಿ ನಮ್ಮ ಸಹಕಾರದ ಬಂಧುವೇ. ಇಂದು ನಮ್ಮ ಹೊಲಗಳಲ್ಲೂ ಡ್ರಿಪ್ ಪೈಪು, ಮಲ್ಚಿಂಗ್ ಶೀಟು ಸಾಮಾನ್ಯ. ಆದರೆ ಒಂದು ಮಾತು: ಡ್ರಿಪ್‌ನಲ್ಲಿ ಉಳಿದ ನೀರಿಗೆ ಇನ್ನೊಂದೆಕರೆ ನಾಟಿ ಮಾಡಿದರೆ ಬೋರಿಗೆ ಉಳಿದದ್ದೇನು?

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಹಾಗೆಂದು ಲೆಕ್ಕ ಬಿಡುವಂತಿಲ್ಲ. ಬೋರು ಫೇಲಾದರೂ ಅದರ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಹೊಸ ಬೋರಿಗಿಂತ ಮೊದಲು ಡ್ರಿಪ್‌ಗೆ, ಕೃಷಿ ಹೊಂಡಕ್ಕೆ ಸಂಘದ ಸಾಲ ಸಿಗಬೇಕು ಎಂಬುದು ನಮ್ಮ ಅಭಿಪ್ರಾಯ. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಇದನ್ನು ಚರ್ಚಿಸಬೇಕೆಂದು ವಿನಂತಿ. ನೆಲದೊಳಗಿನ ನೀರೂ ನಾವೆಲ್ಲ ಸೇರಿ ಇಟ್ಟ ಠೇವಣಿಯೇ.