ಇನ್‌ಕ್ಯುಬೇಟರ್ ಬೆಳಕಿನಿಂದ ಮಗುವಿನ ಕಣ್ಣು ಹೋಗುತ್ತದೆಯೇ?

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವನ್ನು ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅಲ್ಲಿನ ಬೆಳಕಿಗೆ ಕಣ್ಣು ಹೋಗುತ್ತದೆ ಎಂಬ ಭಯ ಅನೇಕರಲ್ಲಿದೆ. ಇದರಲ್ಲಿ ಎಷ್ಟು ನಿಜವಿದೆ ಎಂದು ನೋಡೋಣ.

ಬೆಳಕು ಕಾರಣವಲ್ಲ. ಇಂಥ ಮಕ್ಕಳ ಕಣ್ಣಿಗೆ ಬೀಳುವ ಬೆಳಕನ್ನು ತಗ್ಗಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಬೆಳಕು ತಗ್ಗಿಸಿದರೂ ಕಾಯಿಲೆ ಕಡಿಮೆಯಾಗಲಿಲ್ಲ. ಆದರೆ ಕಾಯಿಲೆ ಇರುವುದು ನಿಜ. ಅದರ ಹೆಸರು ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ಚಿಕ್ಕದಾಗಿ ಆರ್‌ಒಪಿ.

ಕಣ್ಣಿನೊಳಗೆ ಏನಾಗುತ್ತದೆ?

ಕಣ್ಣಿನ ಹಿಂಭಾಗದ ಪರದೆಯೇ ರೆಟಿನಾ. ಅದರ ರಕ್ತನಾಳಗಳು ಗರ್ಭದ ಸುಮಾರು 16ನೇ ವಾರದಲ್ಲಿ ಬೆಳೆಯತೊಡಗಿ, 40ನೇ ವಾರದ ಹೊತ್ತಿಗೆ ಅಂಚು ತಲುಪುತ್ತವೆ. ಮಗು ಬೇಗ ಹುಟ್ಟಿದರೆ ಈ ಬೆಳವಣಿಗೆ ಅರ್ಧಕ್ಕೇ ನಿಲ್ಲಬಹುದು. ಆಮೇಲೆ ನಾಳಗಳು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನು ಎಳೆಯುತ್ತವೆ. ರೆಟಿನಾ ಪೂರ್ತಿ ಕಳಚಿಕೊಂಡರೆ ದೃಷ್ಟಿ ಮರಳಿ ಬರುವುದು ಬಹಳ ಕಷ್ಟ.

ಯಾರಿಗೆ ಅಪಾಯ ಹೆಚ್ಚು?

• 34 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳು
• ಹುಟ್ಟುವಾಗ 2 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕ ಇದ್ದವರು
• 34ರಿಂದ 36 ವಾರದೊಳಗೆ ಹುಟ್ಟಿ, ಆಮ್ಲಜನಕ ಪಡೆದವರು, ಉಸಿರಾಟದ ತೊಂದರೆ ಅಥವಾ ರಕ್ತದ ಸೋಂಕು ಇದ್ದವರು, ರಕ್ತ ಹಾಕಿಸಿಕೊಂಡವರು, ತೂಕ ಸರಿಯಾಗಿ ಏರದವರು

ಅಮೆರಿಕದಲ್ಲಿ ಮುಖ್ಯವಾಗಿ ಒಂದೂವರೆ ಕೆ.ಜಿ. ಒಳಗಿನ ಮಕ್ಕಳನ್ನು ಪರೀಕ್ಷಿಸುತ್ತಾರೆ. ನಮ್ಮಲ್ಲಿ ಅದಕ್ಕಿಂತ ದಪ್ಪಗಿರುವ ಮಕ್ಕಳಿಗೂ ಈ ಕಾಯಿಲೆ ಬರುತ್ತದೆ. ಆದ್ದರಿಂದ ಅಲ್ಲಿನ ಲೆಕ್ಕ ನಂಬಿ ಸುಮ್ಮನಿರಬೇಡಿ.

ಹಾಗಾದರೆ ಆಮ್ಲಜನಕ ಬೇಡವೇ?

ಬೇಕು. ಅತಿಯಾದ ಆಮ್ಲಜನಕಕ್ಕೂ ಈ ಕಾಯಿಲೆಗೂ ನಂಟಿದೆ ಎಂದು 1951ರಲ್ಲೇ ಆಸ್ಟ್ರೇಲಿಯಾದ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ತೋರಿಸಿದ್ದರು. ಆದರೆ ಆಮ್ಲಜನಕ ಕಡಿಮೆಯಾದರೆ ಮಗುವಿನ ಜೀವಕ್ಕೇ ಅಪಾಯ. ಅದಕ್ಕೇ ವೈದ್ಯರು ಯಂತ್ರದಲ್ಲಿ ಅಳೆಯುತ್ತಾ ಹದವಾಗಿ ಕೊಡುತ್ತಾರೆ.

30 ದಿನ ಮರೆಯಬೇಡಿ

ಮಗುವಿನ ಕಣ್ಣು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಹುಟ್ಟಿದ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಲೇಬೇಕು. 28 ವಾರಕ್ಕೆ ಮೊದಲು ಹುಟ್ಟಿದ ಅಥವಾ 1,200 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ ಎರಡು-ಮೂರು ವಾರದಲ್ಲೇ ಆಗಬೇಕು. ಒಮ್ಮೆ ತೋರಿಸಿದರೆ ಸಾಲದು, ವೈದ್ಯರು ಸಾಕು ಎನ್ನುವವರೆಗೂ ಹೋಗಬೇಕು. ಕಾಯಿಲೆ ತೀವ್ರವಾಗಿದ್ದರೆ ಎರಡು-ಮೂರು ದಿನದೊಳಗೆ ಲೇಸರ್ ಅಥವಾ ಇಂಜೆಕ್ಷನ್ ಚಿಕಿತ್ಸೆ ಬೇಕಾಗುತ್ತದೆ.

ಎಡವಟ್ಟಾಗುವುದು ಇಲ್ಲೇ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಯ ಆಸ್ಪತ್ರೆಗಳಲ್ಲಿ ಹೆರಿಗೆಯಾಗಿ, ಬಾಣಂತನಕ್ಕೆ ದೂರದ ತವರಿಗೆ ಹೋಗುವವರಿದ್ದಾರೆ. ಬಾಣಂತಿ, ಕೂಸು ಹೊಸ್ತಿಲು ದಾಟಬಾರದು ಎಂದು ಹಿರಿಯರು ಹೇಳುತ್ತಾರೆ. ಅಷ್ಟರಲ್ಲಿ 30 ದಿನ ಕಳೆದಿರುತ್ತದೆ. ಡಿಸ್ಚಾರ್ಜ್ ದಿನವೇ "ಆರ್‌ಒಪಿ ಪರೀಕ್ಷೆ ಆಗಿದೆಯಾ? ಮುಂದಿನದು ಯಾವಾಗ? ನಮ್ಮೂರಿನ ಹತ್ತಿರ ಎಲ್ಲಿ ಮಾಡುತ್ತಾರೆ?" ಎಂದು ಕೇಳಿ, ಬರೆಸಿಕೊಳ್ಳಿ.

ಜಿಲ್ಲೆಗಳಲ್ಲೂ ಈ ಪರೀಕ್ಷೆಗೆ ದಾರಿಯಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಮಕ್ಕಳ ರೆಟಿನಾದ ಚಿತ್ರ ತೆಗೆಯುತ್ತಾರೆ. ಅವನ್ನು ತಜ್ಞರು ದೂರದಿಂದಲೇ ನೋಡುತ್ತಾರೆ.

ಕಣ್ಣಿಗೆ ಎದೆಹಾಲು, ಹರಳೆಣ್ಣೆ ಹಾಕುವುದರಿಂದ ಈ ಕಾಯಿಲೆ ಗುಣವಾಗದು. ನಿಮ್ಮ ಬಳಗದಲ್ಲಿ ಬೇಗ ಹುಟ್ಟಿದ ಕೂಸಿದ್ದರೆ ಇದನ್ನು ಆ ಮನೆಯವರಿಗೆ ಇವತ್ತೇ ಕಳುಹಿಸಿ.