ಧ್ರುವಜೋಡಣೆ

ದೂರದರ್ಶಕದ ಪೀಠದ ಅಕ್ಷವನ್ನು ಭೂಮಿಯ ಆವರ್ತನಾಕ್ಷಕ್ಕೆ ಸಮಾಂತರವಾಗಿಸುವ ಕ್ರಮ. ದೀರ್ಘ ಎಕ್ಸ್‌ಪೋಶರ್‌ನ ಆಕಾಶಚಿತ್ರಗಳಿಗೆ ಇದೇ ಬುನಾದಿ. ಅಕ್ಷದ ಏರುಕೋನ ಆಯಾ ಊರಿನ ಅಕ್ಷಾಂಶದಷ್ಟಿರಬೇಕು. ವಿರಾಜಪೇಟೆ ಬಳಿಯ ಬಿಟ್ಟಂಗಾಲದಲ್ಲಿ ಅದು ಸುಮಾರು 12 ಡಿಗ್ರಿ. ಹೆಚ್ಚುಕಡಿಮೆ ಅದೇ ಅಕ್ಷಾಂಶದ ಕಾವಲೂರಿನಲ್ಲಿ ವೇಣು ಬಾಪು ವೀಕ್ಷಣಾಲಯದ 2.34 ಮೀಟರ್ ದೂರದರ್ಶಕದ ಧ್ರುವಾಕ್ಷವೂ ಹೀಗೆಯೇ ನೆಲದತ್ತ ಬಾಗಿದೆ. ಧ್ರುವನಕ್ಷತ್ರವನ್ನು ಹಿಡಿದು ಜೋಡಿಸಿದರೆ ಸಾಕೆಂಬ ಉತ್ತರದೇಶಗಳ ರೂಢಿ ಇಲ್ಲಿ ನೆಚ್ಚುವಂಥದ್ದಲ್ಲ. ಅಷ್ಟು ತಗ್ಗಿನ ನಕ್ಷತ್ರವನ್ನು ಕಾಫಿತೋಟದ ಸಿಲ್ವರ್ ಓಕ್ ಮರಗಳು, ಗುಡ್ಡ, ಮಂಜು ಸುಲಭವಾಗಿ ಮರೆಮಾಡುತ್ತವೆ. ಕಂಡರೂ ಅದು ನಿಜಧ್ರುವದಿಂದ ಅರ್ಧ ಡಿಗ್ರಿಗೂ ಹೆಚ್ಚು ದೂರದಲ್ಲಿದೆ. ವಾತಾವರಣದ ವಕ್ರೀಭವನ ಅದನ್ನು ಸುಮಾರು 4 ಕೋನನಿಮಿಷ ಎತ್ತಿ ತೋರಿಸುತ್ತದೆ.

ಆದ್ದರಿಂದ ಇಲ್ಲಿಗೆ ಒಗ್ಗುವುದು, ದೂರದರ್ಶಕದಲ್ಲಿ ನಕ್ಷತ್ರ ಸರಿಯುವುದನ್ನು ನೋಡಿ ಅಕ್ಷವನ್ನು ತಿದ್ದುವ ಡ್ರಿಫ್ಟ್ ವಿಧಾನ. ಚಳಿಗಾಲದ ತಿಳಿರಾತ್ರಿ ನೆತ್ತಿಗೇರಿದ ಮಹಾವ್ಯಾಧ (ಓರಿಯನ್) ಪುಂಜದ ನಡುಪಟ್ಟಿಯ ನಕ್ಷತ್ರ, ಖಗೋಳ ಸಮಭಾಜಕಕ್ಕೆ ಹತ್ತಿರವಿರುವುದರಿಂದ, ಒಳ್ಳೆಯ ಗುರುತು. ಅದು ಉತ್ತರಕ್ಕೋ ದಕ್ಷಿಣಕ್ಕೋ ಸರಿದರೆ ಅಕ್ಷದ ದಿಕ್ಕು ತಪ್ಪಿದೆ. ಪೂರ್ವ ಅಥವಾ ಪಶ್ಚಿಮದಲ್ಲಿ ತಗ್ಗಿರುವ ನಕ್ಷತ್ರ ಹಾಗೆ ಸರಿದರೆ ಏರುಕೋನ ತಪ್ಪಿದೆ. ನಕ್ಷತ್ರವೊಂದನ್ನು ಗಮನಿಸುತ್ತ ಪೀಠದ ಚಲನೆಯನ್ನು ತಾನೇ ತಿದ್ದುವ ಆಟೋಗೈಡರ್ ಇರುವಾಗ ಇಷ್ಟು ಶ್ರಮವೇಕೆಂಬ ಆಕ್ಷೇಪವುಂಟು. ಗೈಡರ್ ಒಂದು ನಕ್ಷತ್ರವನ್ನು ನಿಲ್ಲಿಸಬಲ್ಲದು, ನಿಜ. ಆದರೆ ಅಕ್ಷದ ಜೋಡಣೆ ತಪ್ಪಿದ್ದರೆ ಉಳಿದ ಚಿತ್ರವೆಲ್ಲ ಅದರ ಸುತ್ತ ಮೆಲ್ಲಗೆ ತಿರುಗಿ, ಅಂಚಿನ ನಕ್ಷತ್ರಗಳು ಕಮಾನುಗೆರೆಗಳಾಗುತ್ತವೆ.