ಪಶ್ಚಿಮ ರೆಡ್‌ಬಡ್: ಒಣಬೆಟ್ಟದ ಹೂಮರ

ಪಶ್ಚಿಮ ರೆಡ್‌ಬಡ್ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಅದರ ಪೂರ್ವಕ್ಕಿರುವ ನೆವಾಡ, ಯೂಟಾ, ಅರಿಜೋನ ರಾಜ್ಯಗಳ ಒಣಬೆಟ್ಟಗಳಲ್ಲೂ ತಾನಾಗಿ ಬೆಳೆಯುವ ಸಣ್ಣ ಹೂಮರ. ಸಸ್ಯವಿಜ್ಞಾನದಲ್ಲಿ ಇದು ಸರ್ಸಿಸ್ ಆಕ್ಸಿಡೆಂಟಾಲಿಸ್. ಜಾನ್ ಟೊರೆ ಇಟ್ಟ ಈ ಹೆಸರನ್ನು 1850ರಲ್ಲಿ ಏಸಾ ಗ್ರೇ ಪ್ರಕಟಿಸಿದ. ಮರ ಎನ್ನುವುದಕ್ಕಿಂತ ದೊಡ್ಡ ಪೊದೆ ಎಂದರೂ ನಡೆಯುತ್ತದೆ: ನೆಲಮಟ್ಟದಿಂದಲೇ ಹಲವು ಕಾಂಡಗಳು ಎದ್ದು 3ರಿಂದ 6 ಮೀಟರ್ ಎತ್ತರಕ್ಕೆ ಹರಡುತ್ತವೆ. ನೀರಿನ ಬರ ಮತ್ತೆ ಮತ್ತೆ ಕಾಡುವ ಕ್ಯಾಲಿಫೋರ್ನಿಯಾದಲ್ಲಿ ಮನೆಯಂಗಳಕ್ಕೆ ಹೊಂದುವ ಗಿಡಗಳ ಪಟ್ಟಿ ಮಾಡುವವರು ಇದನ್ನು ಬಿಡುವುದು ಅಪರೂಪ.

ಹೂ ಬಿಡುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ತಗ್ಗಿನಲ್ಲಿ ಮೊದಲು, ಬೆಟ್ಟದ ಮೇಲೆ ತಡವಾಗಿ. ಆಗ ಗಿಡದಲ್ಲಿ ಒಂದೇ ಒಂದು ಎಲೆ ಇರುವುದಿಲ್ಲ. ಹಲಸು ಕಾಂಡದಲ್ಲೇ ಕಾಯಿ ಬಿಡುವ ಹಾಗೆ ಇದು ಹಳೆಯ ಕೊಂಬೆಯ ತೊಗಟೆಯಿಂದಲೇ ಗೊಂಚಲು ಗೊಂಚಲಾಗಿ ಹೂವರಳಿಸುತ್ತದೆ. ಬಣ್ಣ ಗುಲಾಬಿ ಮತ್ತು ನೇರಳೆಯ ನಡುವಿನದು. ಅಪರೂಪಕ್ಕೆ ಬಿಳಿ ಹೂವಿನ ಗಿಡಗಳೂ ಸಿಗುತ್ತವೆ. ಹೂವು ಮುಗಿಯುತ್ತ ಬಂದಂತೆ ತಾಮ್ರದ ಛಾಯೆಯ ಚಿಗುರು ಮೂಡಿ, ಬಲಿತಾಗ ಬೂದು ಬೆರೆತ ಹಸಿರಿನ ದುಂಡಗಿನ ಹೃದಯಾಕಾರದ ಎಲೆಗಳಾಗುತ್ತವೆ. ಚಪ್ಪಟೆಯ ಕಾಯಿಗಳು ಬೇಸಿಗೆಯಲ್ಲಿ ಕೆನ್ನೀಲಿ, ಆಮೇಲೆ ಕಂದು. ಎಲೆ ಉದುರಿದ ಮೇಲೂ ಚಳಿಗಾಲವಿಡೀ ಕೊಂಬೆಯಲ್ಲೇ ಜೋತಾಡುತ್ತವೆ. ಅಚ್ಚುಕಟ್ಟಿನ ತೋಟ ಬಯಸುವವರಿಗೆ ಈ ಒಣಕಾಯಿಗಳು ಕಣ್ಣಿಗೆ ಚುಚ್ಚುವುದುಂಟು. ಬೇಡವೆನಿಸಿದರೆ ಕತ್ತರಿಸಿದರಾಯಿತು, ಮರಕ್ಕೇನೂ ನಷ್ಟವಿಲ್ಲ.

ಅವರೆ, ತೊಗರಿಗಳ ಫ್ಯಾಬೇಸೀ ಕುಟುಂಬಕ್ಕೆ ಸೇರಿದ್ದರೂ ಆ ಕುಟುಂಬದ ಖ್ಯಾತಿಗೆ ಕಾರಣವಾದ ಒಂದು ಗುಣ ಇದಕ್ಕಿಲ್ಲ. ಗಾಳಿಯ ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾದ ಗಂಟುಗಳು ಇದರ ಬೇರಿನಲ್ಲಿ ಮೂಡುವುದಿಲ್ಲ. ಹೂವು ಬಟಾಣಿ ಹೂವಿನಂತೆ ಕಂಡರೂ ರಚನೆ ಬೇರೆ: ಬಟಾಣಿಯಲ್ಲಿ ಮೇಲಿನ ಎಸಳು ಪಕ್ಕದ ಎಸಳುಗಳನ್ನು ಹೊರಗಿನಿಂದ ಅಪ್ಪಿದ್ದರೆ ಇಲ್ಲಿ ಅದು ಒಳಗಿರುತ್ತದೆ, ಹತ್ತು ಕೇಸರಗಳೂ ಬಿಡಿಬಿಡಿ. ಇದರ ಹತ್ತಿರದ ನೆಂಟರು ಕರ್ನಾಟಕದವರಿಗೆ ಹೊಸಬರಲ್ಲ. ಬೆಂಗಳೂರಿನ ಬೀದಿಬದಿಯಲ್ಲಿ, ಪಾರ್ಕುಗಳಲ್ಲಿ ಕಾಣುವ ಮಂದಾರ, ಅಂದರೆ ಬೌಹಿನಿಯಾ, ಮತ್ತು ರೆಡ್‌ಬಡ್ ಎರಡೂ ಸರ್ಸಿಡಾಯ್ಡೀ ಎಂಬ ಒಂದೇ ಉಪಕುಟುಂಬದವು. 2017ರಲ್ಲಿ ಈ ಕುಟುಂಬವನ್ನು ಹೊಸದಾಗಿ ವಿಂಗಡಿಸಿದಾಗ ಆ ಉಪಕುಟುಂಬಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. ಮಂದಾರದ ಎಲೆ ದನದ ಗೊರಸಿನಂತೆ ಎರಡಾಗಿ ಸೀಳಿರುವುದು ಎಲ್ಲರಿಗೂ ಗೊತ್ತು. ಪಶ್ಚಿಮ ರೆಡ್‌ಬಡ್‌ನ ಎಲೆಯ ತುದಿಯಲ್ಲೂ ಒಮ್ಮೊಮ್ಮೆ ಆ ಸೀಳಿನ ಸಣ್ಣ ಕಚ್ಚು ಕಾಣುತ್ತದೆ.

ಬರ ತಾಳುವ ಇದರ ಶಕ್ತಿಯನ್ನು ತಿಳಿಯಬೇಕಾದರೆ ಇದರ ತವರಿನ ಮಳೆಯ ಲೆಕ್ಕ ನೋಡಬೇಕು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರಕ್ಕೆ ವರ್ಷಕ್ಕೆ ಬೀಳುವುದು ಸುಮಾರು 460 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ನವೆಂಬರ್‌ನಿಂದ ಮಾರ್ಚ್‌ವರೆಗಿನ ಚಳಿಯಲ್ಲಿ ಸುರಿದುಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹನಿಯೂ ಇಲ್ಲವೆಂದೇ ಹೇಳಬೇಕು. ಮುಂಗಾರು ಕಂಡವರಿಗೆ ಇದು ತಲೆಕೆಳಗಾದ ಕಾಲಮಾನ. ರೆಡ್‌ಬಡ್ ಚಳಿಗಾಲದ ತೇವದಲ್ಲಿ ಬೇರನ್ನು ಆಳಕ್ಕಿಳಿಸಿ, ಬಿಸಿಲೇರುವ ಮೊದಲೇ ಹೂವಿನ ಕೆಲಸ ಮುಗಿಸಿ, ಬೇಸಿಗೆಯನ್ನು ಆಳದ ತೇವದಲ್ಲೇ ಕಳೆಯುತ್ತದೆ. ಬರ ತೀರಾ ಬಿಗಿಯಾದ ವರ್ಷ ಎಲೆಗಳನ್ನು ಬೇಗ ಉದುರಿಸಿ ಸುಮ್ಮನಾಗುತ್ತದೆ. ಸಿಯೆರಾ ನೆವಾಡ ಪರ್ವತದ ತಪ್ಪಲು, ಕರಾವಳಿ ಬೆಟ್ಟಸಾಲಿನ ಒಳಮಗ್ಗುಲು, ಉತ್ತರದ ಶಾಸ್ತಾ ಸರೋವರದ ಸುತ್ತಮುತ್ತ ಇದರ ನೆಲೆಗಳು. ಯೋಸೆಮಿಟಿಗೆ ಹೋಗುವ 140ನೇ ಹೆದ್ದಾರಿಯಲ್ಲಿ ಮರ್ಸೆಡ್ ನದಿಯ ಕಣಿವೆಯನ್ನು ಮಾರ್ಚ್ ಹೊತ್ತಿಗೆ ಹಾದವರು ಕಿತ್ತಳೆ ಬಣ್ಣದ ಪಾಪಿ ಹೂಗಳ ನಡುವೆ ಇದನ್ನು ನೋಡಿಯೇ ಇರುತ್ತಾರೆ.

ಈ ಬೆಟ್ಟದ ಗಿಡ ಊರೊಳಗೆ ಬಂದದ್ದರಲ್ಲಿ ಕೆಲವರ ಹಟವೂ ಇದೆ, ನೀರಿನ ಕೊರತೆಯೂ ಇದೆ. ಇಂಗ್ಲೆಂಡಿನಿಂದ ಬಂದು 1903ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನರ್ಸರಿ ತೆರೆದ ಥಿಯೊಡೋರ್ ಪೇನ್, ಹೊರಗಿನ ಗಿಡಗಳ ಮೋಹವಿದ್ದ ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಸ್ವಂತ ಗಿಡಗಳನ್ನೇ ಬೆಳೆಸಿ ಮಾರಿದ. ಅವನ ಹೆಸರಿನ ಪ್ರತಿಷ್ಠಾನ ಅದೇ ಕೆಲಸವನ್ನು ಈಗಲೂ ನಡೆಸುತ್ತಿದೆ. ಮುಂದೆ 2012ರಿಂದ 2016ರವರೆಗೆ ಭೀಕರ ಬರ ಬಂತು. 2015ರ ಏಪ್ರಿಲ್ 1ರಂದು ಗವರ್ನರ್ ಜೆರಿ ಬ್ರೌನ್ ನಗರಗಳ ನೀರಿನ ಬಳಕೆಯನ್ನು ಶೇ. 25ರಷ್ಟು ಇಳಿಸಲು ಆದೇಶಿಸಿ, 5 ಕೋಟಿ ಚದರ ಅಡಿ ಹುಲ್ಲುಹಾಸನ್ನು ತೆಗೆದು ಬರ ತಾಳುವ ಗಿಡ ನೆಡುವ ಗುರಿಯಿಟ್ಟರು. ಲಾನ್ ಕಿತ್ತರೆ ನೀರು ಸರಬರಾಜು ಸಂಸ್ಥೆಗಳೇ ಹಣ ಕೊಡುವ ಯೋಜನೆಗಳು ನಡೆದವು. ಲಾನ್ ಹೋದ ಜಾಗಕ್ಕೆ ಹೂವೂ ಬೇಕು, ನೆರಳೂ ಬೇಕು, ನೀರು ಮಾತ್ರ ಬೇಡ ಎಂದವರಿಗೆ ಈ ಮರ ಸರಿಯಾಗಿ ಒದಗಿತು.

ನೆಡಲು ಒಳ್ಳೆಯ ಹೊತ್ತು ಅಕ್ಟೋಬರ್–ನವೆಂಬರ್, ಮೊದಲ ಮಳೆಯ ಆಸುಪಾಸು. ಬೇಸಿಗೆ ಬರುವುದರೊಳಗೆ ಬೇರಿಗೆ ಐದಾರು ತಿಂಗಳ ತೇವ ಸಿಗುತ್ತದೆ. ದೊಡ್ಡ ಗಿಡ ತಂದು ಬೇಗ ಹೂ ಕಾಣಬೇಕೆಂಬ ಆಸೆ ಇಲ್ಲಿ ಕೈಕೊಡುತ್ತದೆ. ರೆಡ್‌ಬಡ್ ತಾಯಿಬೇರನ್ನು ಆಳಕ್ಕೆ ಕಳಿಸುವ ಜಾತಿ. ದೊಡ್ಡ ಕುಂಡದಲ್ಲಿ ಬೇರು ಸುರುಳಿ ಸುತ್ತಿಕೊಂಡ ಗಿಡಕ್ಕಿಂತ ಒಂದು ಗ್ಯಾಲನ್ ಕುಂಡದ ಎಳೆಯ ಸಸಿಯೇ ಕೆಲವು ವರ್ಷಗಳಲ್ಲಿ ಮುಂದೆ ಹೋಗುತ್ತದೆ. ಗುಂಡಿಯ ಅಗಲ ಕುಂಡದ ಎರಡರಷ್ಟು, ಆಳ ಕುಂಡದಷ್ಟೇ. ಕಾಂಡ ಬೇರಾಗಿ ಹರಡುವ ಬುಡ ನೆಲಮಟ್ಟಕ್ಕೆ ಇರಬೇಕು, ತುಸು ಮೇಲಿದ್ದರೆ ಇನ್ನೂ ಒಳ್ಳೆಯದು. ಗೊಬ್ಬರ ಬೆರೆಸಿ ಗುಂಡಿ ತುಂಬುವ ಅಭ್ಯಾಸ ಇಲ್ಲಿ ಬೇಡ, ತೆಗೆದ ಮಣ್ಣನ್ನೇ ಮರಳಿ ಹಾಕಿದರೆ ಸಾಕು. ಕಲ್ಲುಮಣ್ಣು, ಜೇಡಿ, ಸುಣ್ಣದಂಶದ ಮಣ್ಣು ಯಾವುದಾದರೂ ನಡೆದೀತು, ನೀರು ಮಾತ್ರ ಬಸಿದುಹೋಗಬೇಕು. ಮೇಲೆ 5ರಿಂದ 8 ಸೆಂಟಿಮೀಟರ್ ದಪ್ಪ ಮರದ ಚಕ್ಕೆ ಅಥವಾ ತರಗೆಲೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಬೇಕು.

ಬರ ತಾಳುವ ಮರ ಎಂದು ಕೇಳಿ ನೆಟ್ಟ ದಿನದಿಂದಲೇ ನೀರು ನಿಲ್ಲಿಸಿದರೆ ಸಸಿ ಉಳಿಯದು. ಮೊದಲ ಬೇಸಿಗೆ ವಾರಕ್ಕೊಮ್ಮೆ, ಎರಡನೆಯ ಬೇಸಿಗೆ ಎರಡು-ಮೂರು ವಾರಕ್ಕೊಮ್ಮೆ ನಿಧಾನವಾಗಿ ಆಳಕ್ಕಿಳಿಯುವಂತೆ ಕೊಡಬೇಕು. ಅಲ್ಲಿಂದಾಚೆ ತೀರಾ ಒಣ ಊರುಗಳಲ್ಲಿ ತಿಂಗಳಿಗೊಮ್ಮೆ ಕೊಟ್ಟರೆ ಹೆಚ್ಚು, ಉಳಿದೆಡೆ ಅದೂ ಬೇಕಾಗುವುದಿಲ್ಲ. ಬೇರೂರಿದ ರೆಡ್‌ಬಡ್‌ಗೆ ಬಾಯಾರಿಕೆಗಿಂತ ದೊಡ್ಡ ಅಪಾಯ ಪಕ್ಕದ ಲಾನಿನ ಸ್ಪ್ರಿಂಕ್ಲರ್. ಬಿಸಿಮಣ್ಣಿನಲ್ಲಿ ದಿನವೂ ತೇವ ನಿಂತರೆ ಬೇರುಕೊಳೆ ರೋಗದ ಶಿಲೀಂಧ್ರಗಳಿಗೆ ಹಬ್ಬ.

ಬಿಸಿಲು ಎಷ್ಟಿದ್ದರೂ ಸರಿ. ಕ್ಯಾಲಿಫೋರ್ನಿಯಾದ ಒಳನಾಡಿನ ಸುಡುವ ಕಣಿವೆಗಳಲ್ಲಿ ಮಾತ್ರ ಮಧ್ಯಾಹ್ನದ ಮೇಲೆ ಕೊಂಚ ನೆರಳಿದ್ದರೆ ಎಲೆ ಸುಡುವುದಿಲ್ಲ. ಹೂವಿಗೆ ಬೇಕಾದದ್ದು ಚಳಿ. ಚಳಿಗಾಲದ ರಾತ್ರಿಗಳಲ್ಲಿ ಪಾದರಸ ಸೊನ್ನೆ ದಾಟಿ ಮೈನಸ್ 2 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವ ಕಡೆ ಕೊಂಬೆ ಕಾಣದಷ್ಟು ಹೂ ಬರುತ್ತದೆ. ಸಮುದ್ರದಂಚಿನ ಬೆಚ್ಚಗಿನ ಊರುಗಳಲ್ಲಿ ಮರ ಆರೋಗ್ಯವಾಗಿದ್ದರೂ ಹೂ ಅಲ್ಲೊಂದು ಇಲ್ಲೊಂದು. ರಜೆಗೆ ಊರಿಗೆ ಬರುವಾಗ ಬೀಜ ತರಲೇ ಎಂದು ಯೋಚಿಸುವ ಸ್ಯಾನ್ ಹೊಸೆಯ ಕನ್ನಡಿಗರಿಗೆ ಇದೇ ಉತ್ತರ: ಬೆಂಗಳೂರಿನ ದಾಖಲೆಯ ಕನಿಷ್ಠ ತಾಪಮಾನವೇ 1884ರ ಜನವರಿಯ 7.8 ಡಿಗ್ರಿ. ಮುಂಗಾರಿನ ಮಳೆಯೂ ಈ ಮರಕ್ಕೆ ಒಗ್ಗದು. ಬಯಲುಸೀಮೆಯ ಅಂಗಳಕ್ಕೆ ಮಂದಾರವೇ ವಾಸಿ.

ಬೀಜದಿಂದ ಬೆಳೆಸುವವರಿಗೆ ಎರಡು ಬೀಗ ತೆಗೆಯುವ ಕೆಲಸವಿದೆ. ಹೊರಸಿಪ್ಪೆ ಕಲ್ಲಿನಷ್ಟು ಗಟ್ಟಿ. ಕುದಿಯುವ ಹಂತಕ್ಕೆ ಬಂದ ನೀರನ್ನು ಬೀಜದ ಮೇಲೆ ಸುರಿದು ರಾತ್ರಿಯಿಡೀ ಹಾಗೇ ಬಿಟ್ಟರೆ ನೀರು ಒಳಗಿಳಿಯುತ್ತದೆ. ಒಳಗಿನ ಭ್ರೂಣವೂ ನಿದ್ದೆಯಲ್ಲಿರುತ್ತದೆ. ಅದನ್ನು ಎಬ್ಬಿಸಲು ತೇವದ ಮರಳಿನಲ್ಲಿ ಬೆರೆಸಿ ಎರಡು-ಮೂರು ತಿಂಗಳು ಫ್ರಿಜ್ಜಿನಲ್ಲಿಡಬೇಕು. ಮೊಳೆತ ಸಸಿ ಹೂ ಬಿಡಲು ಮೂರ್ನಾಲ್ಕು ವರ್ಷ ಬೇಕು.

ಸವರುವ ವಿಚಾರದಲ್ಲಿ ತೋಟಗಾರರಿಗಿಂತ ಬುಟ್ಟಿ ಹೆಣೆಯುವವರಿಗೆ ಹೆಚ್ಚು ತಿಳಿದಿತ್ತು. ಪೋಮೊ, ಮಿವೋಕ್, ಮೋನೊ, ಯೋಕುಟ್ಸ್, ಮೈಡು ಮೊದಲಾದ ಕ್ಯಾಲಿಫೋರ್ನಿಯಾದ ಮೂಲನಿವಾಸಿ ಸಮುದಾಯಗಳ ಬುಟ್ಟಿಗಳಲ್ಲಿ ಕೆಂಗಂದು ವಿನ್ಯಾಸ ಮೂಡಿಸುವುದು ರೆಡ್‌ಬಡ್‌ನ ತೊಗಟೆ. ಸೀಳಿದ ಕಡ್ಡಿಯ ತೊಗಟೆ ಉಳಿಸಿದರೆ ಕೆಂಪು, ಹೆರೆದರೆ ಬಿಳಿ. ಹೆಣಿಗೆಗೆ ಬರುವುದು ಒಂದು ವರ್ಷದ, ಕವಲಿಲ್ಲದ ನೀಳ ಚಿಗುರುಗಡ್ಡಿ ಮಾತ್ರ. ಸುಮ್ಮನೆ ಬಿಟ್ಟ ಮುದಿಪೊದೆಯಲ್ಲಿ ಅಂಥದು ಸಿಗುವುದಿಲ್ಲ. ಅದಕ್ಕೇ ಅವರು ಪೊದೆಯನ್ನು ಬುಡಮಟ್ಟ ಕಡಿಯುತ್ತಿದ್ದರು, ಇಲ್ಲವೇ ಬೆಂಕಿ ಹಚ್ಚುತ್ತಿದ್ದರು; ಮರುವರ್ಷ ಬೇರುಬುಡದಿಂದ ನೇರ ಕಡ್ಡಿಗಳು ಗುಂಪಾಗಿ ಏಳುತ್ತಿದ್ದವು. ಕೊಯ್ಲು ಎಲೆ ಉದುರಿದ ಮೇಲೆ, ತೊಗಟೆ ಕಡ್ಡಿಗೆ ಬಿಗಿಯಾಗಿ ಅಂಟಿರುವ ಚಳಿಗಾಲದಲ್ಲಿ. ಕಾಡು ಎಂದು ಹೊರಗಿನವರು ಕರೆದ ನೆಲ ನಿಜಕ್ಕೂ ಇಂಥ ಆರೈಕೆಯಿಂದ ರೂಪುಗೊಂಡದ್ದೆಂದು ಎಂ. ಕ್ಯಾಟ್ ಆಂಡರ್ಸನ್ 2005ರ ‘ಟೆಂಡಿಂಗ್ ದ ವೈಲ್ಡ್’ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಪೋಮೊ ಹೆಣಿಗೆಗಾರ್ತಿ ಎಲ್ಸಿ ಆಲೆನ್ (1899–1990) ಈ ಕಲೆ ತನ್ನ ಜನರೊಡನೆ ಮಣ್ಣಾಗಬಾರದೆಂದು ಹೊರಗಿನವರಿಗೂ ಕಲಿಸಿ, 1972ರಲ್ಲಿ ಅದರ ಬಗ್ಗೆ ಪುಸ್ತಕ ತಂದರು. ಇವತ್ತಿನ ಹೆಣಿಗೆಗಾರರ ಆತಂಕ ಬೇರೆಯದು: ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿ ಸೀಳುವ ರೂಢಿ ಇರುವುದರಿಂದ ರಸ್ತೆಬದಿಯ ಪೊದೆಗಳಿಗೆ ಹೊಡೆದ ಕಳೆನಾಶಕ ನೇರ ಬಾಯಿಗೆ ಬರುತ್ತದೆ.

ಹೆಣಿಗೆಗಾರರ ಈ ಕಡಿಯುವ ರೂಢಿಯಿಂದ ತೋಟದವರಿಗೆ ಸಿಗುವ ಧೈರ್ಯ ದೊಡ್ಡದು. ಸೊರಗಿದ ಹಳೆಯ ಪೊದೆಯನ್ನು ಚಳಿಗಾಲದಲ್ಲಿ ನೆಲಮಟ್ಟಕ್ಕೆ ಕಡಿದರೂ ಅದು ಮತ್ತೆ ಚಿಗುರುತ್ತದೆ. ಹೊಸ ಕಡ್ಡಿ ಬಲಿಯುವವರೆಗೆ ಹೂ ಇರುವುದಿಲ್ಲ ಅಷ್ಟೆ. ಆಕಾರ ತಿದ್ದುವ ಸಣ್ಣ ಸವರುವಿಕೆಯನ್ನು ಹೂ ಮುಗಿದ ಕೂಡಲೇ ಮಾಡಬೇಕು. ಒಂಟಿಕಾಂಡದ ಮರವೇ ಬೇಕೆಂದವರು ಎಳವೆಯಲ್ಲೇ ಒಂದನ್ನು ಆರಿಸಿ, ಬುಡದ ಚಿಗುರನ್ನು ವರ್ಷವರ್ಷವೂ ತೆಗೆಯುತ್ತಿರಬೇಕಾಗುತ್ತದೆ. ಅದು ಗಿಡದ ಸ್ವಭಾವದೊಂದಿಗೆ ಜಗಳ. ಹೂವಿನ ಕಾಲದಲ್ಲಿ ದುಂಬಿಗಳು, ಒಂಟಿ ಜೇನುಗಳು ಮುತ್ತುತ್ತವೆ. ಬೇಸಿಗೆಯಲ್ಲಿ ಎಲೆಯಂಚಿನಲ್ಲಿ ಅಚ್ಚುಕಟ್ಟಾದ ಅರೆವೃತ್ತಗಳು ಕಂಡರೆ ಔಷಧ ಹೊಡೆಯಲು ಓಡಬೇಕಿಲ್ಲ. ಅದು ಎಲೆಕತ್ತರಿ ಜೇನಿನ ಕೆಲಸ. ಕತ್ತರಿಸಿದ ಚೂರಿನಿಂದ ಅದು ಗೂಡಿಗೆ ಒಳಪದರ ಮಾಡುತ್ತದೆ.

ಸರ್ಸಿಸ್ ಜಾತಿಯಲ್ಲಿ ಹತ್ತರ ಆಸುಪಾಸು ಪ್ರಭೇದಗಳಿವೆ. ಕಾಬೂಲಿನ ಉತ್ತರದ ಇಸ್ತಾಲಿಫ್ ಬಳಿಯ ಅರ್ಘವಾನ್ ಮರಗಳನ್ನು ಬಾಬರ್ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಅವೂ ಇದೇ ಜಾತಿಯವು. ಅಮೆರಿಕದ ನರ್ಸರಿಗಳಲ್ಲಿ ಗೊಂದಲ ಹುಟ್ಟಿಸುವುದು ಪೂರ್ವ ರೆಡ್‌ಬಡ್, ಸರ್ಸಿಸ್ ಕೆನಡೆನ್ಸಿಸ್. 1937ರಲ್ಲಿ ಓಕ್ಲಹೋಮ ತನ್ನ ರಾಜ್ಯಮರವೆಂದು ಆರಿಸಿಕೊಂಡದ್ದು ಇದನ್ನೇ. ಕಡುನೇರಳೆ ಎಲೆಯ ‘ಫಾರೆಸ್ಟ್ ಪ್ಯಾನ್ಸಿ’ ತಳಿಯೂ ಇದರದೇ. ಪೂರ್ವದ ಮರ ಬೇಸಿಗೆಯ ಮಳೆಯಲ್ಲಿ ಬೆಳೆದದ್ದು, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಬೇಸಿಗೆಯಿಡೀ ನೀರು ಬೇಕು. ಪೂರ್ವ ರೆಡ್‌ಬಡ್‌ನ ಟೆಕ್ಸಸ್ ಮತ್ತು ಮೆಕ್ಸಿಕೊ ಬಗೆಗಳು ಒಣಹವೆಗೆ ಅದಕ್ಕಿಂತ ಗಟ್ಟಿ. ಚೀಟಿಯಲ್ಲಿ ಬರೀ ರೆಡ್‌ಬಡ್ ಎಂದಿದ್ದರೆ ಎಲೆಯ ತುದಿ ನೋಡಬೇಕು: ಚೂಪಾಗಿದ್ದರೆ ಸಾಮಾನ್ಯವಾಗಿ ಪೂರ್ವದ್ದು, ದುಂಡಗಿದ್ದರೆ ಅಥವಾ ತುಸು ಕಚ್ಚಿದ್ದರೆ ಪಶ್ಚಿಮದ್ದು.